ಬ್ಯಾಗು ತೆರೆದು ನೋಡುವವರು ಯಾರು?

2023ರ ಫೆಬ್ರವರಿಯಲ್ಲಿ ಒಂದು ರಾತ್ರಿ ಮೈಸೂರಿನಿಂದ ನನ್ನ ತಮ್ಮ ಫೋನ್ ಮಾಡಿದ. "ಅಕ್ಕ, ಮಗಳಿಗೆ ಸ್ಟೇಟ್ ಸಿಲಬಸ್ ಪರೀಕ್ಷೆಯಂತೆ. ನಾವು ಸೇರಿಸಿದ್ದು ಸಿಬಿಎಸ್‌ಇಗೆ ಅಲ್ವಾ?" ಅಂದ. ಅವಳು ಆಗ ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ 5ನೇ ತರಗತಿ.

ಮರುದಿನ ಅವನು ಶಾಲೆಗೆ ಹೋಗಿ ಕೇಳಿದ. "ನಮ್ಮದು ಸಿಬಿಎಸ್‌ಇ ಪ್ಯಾಟರ್ನ್ ಸಾರ್. ಮಾನ್ಯತೆ ಸದ್ಯಕ್ಕೆ ರಾಜ್ಯದ್ದು. ಸಿಬಿಎಸ್‌ಇಗೆ ಅರ್ಜಿ ಹಾಕಿದ್ದೀವಿ" ಅಂದರಂತೆ. ಪ್ಯಾಟರ್ನ್ ಅನ್ನುವ ಆ ಒಂದು ಪದ ಐದು ವರ್ಷ ಅವನ ಕಿವಿಗೆ ಬಿದ್ದಿರಲಿಲ್ಲ. ಫೀಸ್ ಕಟ್ಟುವಾಗ ಯಾರೂ ಹೇಳಿರಲಿಲ್ಲ.

ಮಂಡ್ಯ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಪರಿಚಯದ ಮೇಷ್ಟ್ರೊಬ್ಬರ ಹತ್ತಿರ 5ನೇ ತರಗತಿಯ ರಾಜ್ಯದ ಪುಸ್ತಕಗಳನ್ನು ಇಸಿದುಕೊಂಡು ಭಾನುವಾರ ಮಂಡ್ಯದಿಂದ ರೈಲು ಹತ್ತಿದೆ. ಆ ಪುಸ್ತಕಗಳನ್ನು ಮಗು ಅಲ್ಲಿಯವರೆಗೆ ಕಣ್ಣಲ್ಲೂ ನೋಡಿರಲಿಲ್ಲ. ಶಾಲೆಯಲ್ಲಿ ಓದಿಸುತ್ತಿದ್ದದ್ದು ಖಾಸಗಿ ಪ್ರಕಾಶಕರ ದುಬಾರಿ ಪುಸ್ತಕಗಳು. ರಾಜ್ಯ ಸರ್ಕಾರ 5ನೇ ತರಗತಿಗೆ ಇಟ್ಟಿದ್ದ ಬೋರ್ಡ್ ಮಟ್ಟದ ಪರೀಕ್ಷೆ ಮಾರ್ಚ್ 13ಕ್ಕೆ ಇತ್ತು. 10ನೇ ತಾರೀಕು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. 15ಕ್ಕೆ ವಿಭಾಗೀಯ ಪೀಠ ನಡೆಸಬಹುದು ಅಂತ ಹೇಳಿತು. ಕೊನೆಗೆ 27ಕ್ಕೆ ಶುರುವಾಯಿತು. ಅಷ್ಟೂ ದಿನ ಅವಳದು ಒಂದೇ ಪ್ರಶ್ನೆ: "ಅತ್ತೆ, ನಾನು ಯಾವ ಪುಸ್ತಕದ್ದು ಓದಲಿ?"

ಇದು ಅವಳೊಬ್ಬಳ ಕಥೆಯಲ್ಲ. ಅದೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲೂ ಎಷ್ಟೋ ತಂದೆತಾಯಿಗಳಿಗೆ ವಿಷಯ ತಿಳಿದದ್ದು ಹೀಗೆಯೇ.

ಹಾಗಾದರೆ ಮಗು ಏನು ಓದಬೇಕು ಅಂತ ಯಾರು ಹೇಳುತ್ತಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ, ಸರ್ಕಾರ ಹೆಸರಿಸಿದ ಒಂದು ಶೈಕ್ಷಣಿಕ ಪ್ರಾಧಿಕಾರ ಪಠ್ಯಕ್ರಮವನ್ನೂ ಮೌಲ್ಯಮಾಪನದ ರೀತಿಯನ್ನೂ ಗೊತ್ತು ಮಾಡಬೇಕು. ನಮ್ಮಲ್ಲಿ ಅದು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ. ಪುಸ್ತಕ ಅಚ್ಚು ಹಾಕಿಸಿ ಹಂಚುವುದು ಕರ್ನಾಟಕ ಪಠ್ಯಪುಸ್ತಕ ಸಂಘ. ಪರೀಕ್ಷೆ ನಡೆಸುವುದು ಮಲ್ಲೇಶ್ವರದ ಪರೀಕ್ಷಾ ಮಂಡಳಿ. ಶಾಲೆಗೆ ಮಾನ್ಯತೆ ಕೊಡುವುದು, ನವೀಕರಿಸುವುದು ಇಲಾಖೆ, ಅಂದರೆ ತಾಲ್ಲೂಕಿನ ಬಿಇಒ ಮತ್ತು ಜಿಲ್ಲೆಯ ಡಿಡಿಪಿಐ ಕಚೇರಿಗಳು. ಸಿಬಿಎಸ್‌ಇ ಕೇಂದ್ರದ್ದು, ನಿಜ. ಆದರೆ ಅದರ ಸಂಯೋಜನೆ, ಅಂದರೆ ಅಫಿಲಿಯೇಷನ್, ಬೇಕಾದರೂ ಆಗ ಮೊದಲು ರಾಜ್ಯದ ಮಾನ್ಯತೆ, ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕಿತ್ತು. ಎಷ್ಟೋ ಹೊಸ ಶಾಲೆಗಳು ಈ ಸಂದಿನಲ್ಲೇ ನಡೆಯುತ್ತಿವೆ. ಕಾಗದದಲ್ಲಿ ರಾಜ್ಯ, ಬೋರ್ಡಿನ ಮೇಲೆ ಸಿಬಿಎಸ್‌ಇ, ಬ್ಯಾಗಿನಲ್ಲಿ ಇನ್ಯಾವುದೋ ಪ್ರಕಾಶಕರ ಪುಸ್ತಕ.

ಮಾನ್ಯತೆ ನವೀಕರಣ ಹೇಗೆ ನಡೆಯುತ್ತದೆ ಅಂತ ಇಲಾಖೆಯಲ್ಲಿದ್ದವರಿಗೆ ಗೊತ್ತು. ಕಟ್ಟಡ ಸುರಕ್ಷತೆಯ ಪತ್ರ, ಅಗ್ನಿಶಾಮಕದ ಪತ್ರ, ಜಾಗದ ದಾಖಲೆ, ಶೌಚಾಲಯ. ಇವೆಲ್ಲ ಬೇಕೇಬೇಕು, ನಾನು ಬೇಡ ಅನ್ನುತ್ತಿಲ್ಲ. ಆದರೆ ತರಗತಿಗೆ ಹೋಗಿ ಒಂದು ಮಗುವಿನ ಬ್ಯಾಗು ತೆರೆದು, "ಇದ್ಯಾವ ಪುಸ್ತಕ?" ಅಂತ ಕೇಳಲು ಎಷ್ಟು ಹೊತ್ತು ಬೇಕು? ಬಿಇಒ ಕಚೇರಿಯವರನ್ನು ಬೈಯುವುದು ಸುಲಭ. ಬಿಸಿಯೂಟ, ವರ್ಗಾವಣೆ, ಸಂಬಳದ ಬಿಲ್ಲು, ಕೋರ್ಟು ಕೇಸು, ಚುನಾವಣೆ ಕೆಲಸ ಎಲ್ಲ ಅವರ ತಲೆ ಮೇಲೇ ಇದೆ. ಶಾಲೆಗಳಿಗೆ ಭೇಟಿ ಕೊಟ್ಟು ನೋಡುವ ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಸರ್ಕಾರಿ ಶಾಲೆಗೆ ಬಂದಷ್ಟು ಸಲೀಸಾಗಿ ಖಾಸಗಿ ಶಾಲೆಯ ಗೇಟು ದಾಟುವುದಿಲ್ಲ. ಇದು ನಾನು ಕಂಡ ಮಾತು.

ದಂಡ ಇಲ್ಲವೇ ಅಂದರೆ, ಇದೆ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ 1 ಲಕ್ಷ ರೂಪಾಯಿವರೆಗೆ, ಆಮೇಲೂ ನಡೆಸಿದರೆ ದಿನಕ್ಕೆ 10,000 ರೂಪಾಯಿ. ಆದರೆ ತಮ್ಮನ ಮಗಳ ಶಾಲೆಗೆ ಮಾನ್ಯತೆ ಇತ್ತಲ್ಲ! ಅದು ಹೇಳಿದ್ದು ಒಂದು, ಕಲಿಸಿದ್ದು ಇನ್ನೊಂದು. ಷರತ್ತು ಮುರಿದರೆ ಮಾನ್ಯತೆ ವಾಪಸ್ ಪಡೆಯಬಹುದು ಅಂತಲೂ ಕಾಯ್ದೆ ಹೇಳುತ್ತದೆ. ಹಾಗೆ ಮಾಡುವಾಗ ಮಕ್ಕಳನ್ನು ಹತ್ತಿರದ ಯಾವ ಶಾಲೆಗೆ ಸೇರಿಸಬೇಕು ಅನ್ನುವುದನ್ನೂ ಆದೇಶದಲ್ಲೇ ಬರೆಯಬೇಕು. ಒಳ್ಳೆಯ ಮಾತು. ಆದರೆ ನೂರಾರು ಮಕ್ಕಳು ಓದುತ್ತಿರುವ ಶಾಲೆಯ ಮಾನ್ಯತೆ ಕಿತ್ತುಕೊಳ್ಳಲು ಯಾವ ಅಧಿಕಾರಿಗೆ ಮನಸ್ಸು ಬರುತ್ತದೆ?

ಎಸ್ಸೆಸ್ಸೆಲ್ಸಿ ನೋಡಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ. 2023ರಲ್ಲಿ ನಮ್ಮ ಮಂಡ್ಯ ಇಡೀ ರಾಜ್ಯಕ್ಕೆ 2ನೇ ಸ್ಥಾನದಲ್ಲಿತ್ತು. ಮರುವರ್ಷ ಮೊದಲ ಹತ್ತರಲ್ಲೂ ಇರಲಿಲ್ಲ. ನಮ್ಮ ಮಕ್ಕಳನ್ನು ಕಳ್ಳರು ಅನ್ನಲು ನಾನು ಸಿದ್ಧಳಿಲ್ಲ. ರೂಮ್ ಡ್ಯೂಟಿ ಮಾಡಿದವಳು ನಾನು. ಕ್ಯಾಮೆರಾ ಬರಲಿ, ಸಂತೋಷ. ನನ್ನ ಸಂಕಟ ಬೇರೆ. ಮಗು ಪರೀಕ್ಷೆ ಬರೆಯುವ ಆ ಮೂರು ಗಂಟೆಯನ್ನು ಅಷ್ಟು ಬಿಗಿಯಾಗಿ ಕಾಯುವ ನಾವು, ಶಾಲೆ ಕಲಿಸಬೇಕಾದ ಹತ್ತು ವರ್ಷವನ್ನು ಯಾಕೆ ಕಾಯುವುದಿಲ್ಲ?

ಒಂದು ಮಾತು ಒಪ್ಪಿಕೊಳ್ಳಬೇಕು. ಹತ್ತು ವರ್ಷದ ಮಕ್ಕಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ನನಗೆ ಇಷ್ಟವಿಲ್ಲ. 8ನೇ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಪಾಸಾಗಬೇಕು ಅಂತ ಒತ್ತಾಯಿಸುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ನೇ ಹೇಳುತ್ತದೆ. 2024ರಲ್ಲಿ ಈ ಪರೀಕ್ಷೆಗಳ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ ನನಗೆ ಸಮಾಧಾನವೇ ಆಯಿತು. ಆದರೂ ತಮ್ಮನಿಗೆ ಸತ್ಯ ತಿಳಿದದ್ದು ಅಂಥದ್ದೇ ಪರೀಕ್ಷೆಯಿಂದ. ಅದು ಇಲ್ಲದಿದ್ದರೆ 8ಕ್ಕೋ 9ಕ್ಕೋ ಗೊತ್ತಾಗುತ್ತಿತ್ತೇನೋ. ಶಾಲೆಯ ಸುಳ್ಳನ್ನು ಹಿಡಿಯಲು ಮಗುವನ್ನು ಪರೀಕ್ಷೆಗೆ ಕೂರಿಸಬೇಕಾಗಿ ಬಂತಲ್ಲ, ಅದು ನನಗೆ ಇವತ್ತಿಗೂ ನೋವು.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಶಾಲೆಯ ಗೇಟಿನ ಹತ್ತಿರ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದಿರಲಿ: ಯಾವ ಪಠ್ಯಕ್ರಮ, ಯಾವ ತರಗತಿವರೆಗೆ ಮಾನ್ಯತೆ, ಯಾವ ವರ್ಷದವರೆಗೆ, ಶಾಲೆಯ ಗುರುತಿನ ಸಂಖ್ಯೆಯಾದ ಡೈಸ್ ಕೋಡ್ ಎಷ್ಟು. ಸಿಬಿಎಸ್‌ಇ ಅನ್ನುವವರು ಸಂಯೋಜನೆ ಸಂಖ್ಯೆ ಹಾಕಲಿ. ಪ್ಯಾಟರ್ನ್ ಅನ್ನುವ ಪದವನ್ನು ಇಲಾಖೆ ನಿಷೇಧಿಸಲಿ. ದಾಖಲಾತಿ ಶುರುವಾಗುವ ಮುಂಚೆ ಬಿಇಒ ಕಚೇರಿಯ ಗೋಡೆಗೆ ತಾಲ್ಲೂಕಿನ ಎಲ್ಲ ಶಾಲೆಗಳ ಪಟ್ಟಿ ಅಂಟಿಸಲಿ.

ಅಲ್ಲಿಯವರೆಗೆ ನೀವೇ ನೋಡಿಕೊಳ್ಳಿ. ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ರಾಜ್ಯ, ಜಿಲ್ಲೆ ಹಾಕಿದರೆ ಸಂಯೋಜನೆ ಇರುವ ಶಾಲೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರಿಲ್ಲದಿದ್ದರೆ, "ಪ್ರೊಸೆಸ್‌ನಲ್ಲಿದೆ" ಅನ್ನುವ ಮಾತಿಗೆ ಸುಮ್ನೆ ತಲೆಯಾಡಿಸಿ ಬರಬೇಡಿ. ಮಾನ್ಯತೆ ಪತ್ರದ ನಕಲು ಕೇಳಿ. ಕೊಡದಿದ್ದರೆ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಹಾಕಿ. ತಮ್ಮನಿಗೆ ನಾನು ಬರೆದುಕೊಟ್ಟ ಅರ್ಜಿ ಇನ್ನೂ ಇಟ್ಟುಕೊಂಡಿದ್ದೇನೆ. ಬೇಕಾದವರು ಇನ್‌ಬಾಕ್ಸ್‌ನಲ್ಲಿ ಕೇಳಿ, ಕಳಿಸುತ್ತೇನೆ.