ಪೈಪೋಟಿ ಸರಿ, ಹಳ್ಳಿ ರೂಟ್ ಯಾರು ಓಡಿಸ್ತಾರೆ?

ನಿಮ್ಮ ಲೇಖನದಲ್ಲಿ, ಎಲ್ಲ ಮಾರ್ಗಗಳನ್ನೂ ಖಾಸಗಿಯವರಿಗೆ ಬಿಟ್ಟುಕೊಟ್ಟರೆ ಪೈಪೋಟಿಯಿಂದ ಬಸ್ ಸೇವೆ ತಾನಾಗೇ ಸುಧಾರಿಸುತ್ತೆ ಅಂತ ಬರೆದಿದ್ದೀರಿ. ಒಮ್ಮೆ ನಮ್ಮ ಕಲಬುರಗಿ ಕಡೆ ಬನ್ನಿ ಸರ್. ಬೆಂಗಳೂರು ಸ್ಲೀಪರ್ ಬಸ್ಸುಗಳಲ್ಲಿ ಪೈಪೋಟಿ ಯಾವತ್ತಿನಿಂದಲೋ ಇದೆ, ಆದರೂ ದೀಪಾವಳಿ ಬಂತು ಅಂದ್ರೆ ಟಿಕೆಟ್ ದರ ಎಲ್ಲಿಗೋ ಹೋಗುತ್ತೆ. ಚಿಂಚೋಳಿ, ಸೇಡಂ ಕಡೆಯ ಒಳಹಳ್ಳಿಗಳಲ್ಲಿ ಬಸ್ ತಪ್ಪಿದರೆ ಕ್ರೂಸರ್ ಜೀಪು, ಟಂಟಂ ಆಟೋ ಅಷ್ಟೇ ಗತಿ. ಅವು ಸೀಟು ತುಂಬೋವರೆಗೂ ಹೊರಡಲ್ಲ. ಡ್ರೈವರ್ ಪಕ್ಕ ಇಬ್ಬರು, ಹಿಂದೆ ನೇತಾಡೋ ಕಾಲೇಜು ಹುಡುಗರು, ಮೇಲೆ ತೊಗರಿ ಚೀಲ. ಮಧ್ಯಾಹ್ನ ಮೂರೇ ಜನ ಇರೋ ರೂಟಿಗೆ ಯಾವ ಖಾಸಗಿಯವರು ಬರ್ತಾರೆ ಹೇಳಿ?

ಬ್ರಿಟನ್ನಿನಲ್ಲಿ 1986ರಲ್ಲಿ ಲಂಡನ್ ಹೊರಗೆ ನೀವು ಹೇಳೋ ಹಾಗೇ ಮಾಡಿದರು. ಲಂಡನ್ನಿನಲ್ಲಿ ಮಾತ್ರ ಮಾರ್ಗ, ದರ, ವೇಳೆ ಎಲ್ಲ ಸರ್ಕಾರಿ ಸಂಸ್ಥೆಯ ಕೈಯಲ್ಲೇ ಉಳೀತು, ಖಾಸಗಿ ಕಂಪನಿಗಳು ಟೆಂಡರ್ ಹಿಡಿದು ಬಸ್ ಓಡಿಸುತ್ತವೆ. ಮ್ಯಾಂಚೆಸ್ಟರ್ ಕೂಡ ಆ ಮುಕ್ತ ಪೈಪೋಟಿ ಬಿಟ್ಟು 2023ರಿಂದ ಲಂಡನ್ ದಾರಿಗೇ ಬಂತು. ಪೈಪೋಟಿ ಬೇಕಾದ್ರೆ ಟೆಂಡರಿನಲ್ಲಿ ಇರಲಿ, ಲಾಭದ ರೂಟಿನ ಜೊತೆ ಒಂದು ಹಳ್ಳಿ ರೂಟನ್ನೂ ಕಟ್ಟಿಕೊಡಿ.

ನಮ್ಮ ಸರ್ಕಾರಿ ಸಾರಿಗೆ ನಿಗಮಗಳೇನೂ ಸಾಚಾ ಅಂತಲ್ಲ. ಆದರೆ 2020ರ ನಂತರ 2025ರ ಜನವರಿವರೆಗೆ ದರ ಏರಿಸೋಕೆ ಬಿಡದೆ, ಡೀಸೆಲ್ ಖರ್ಚು ಮಾತ್ರ ನೀವೇ ನೋಡ್ಕೊಳ್ಳಿ ಅಂದ್ರೆ ಯಾವ ಸಂಸ್ಥೆ ತಾನೇ ಉಳಿಯುತ್ತೆ? ಇನ್ನೊಂದು, 2023ರ ಜೂನ್‌ನಲ್ಲಿ ಶುರುವಾದ, ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇರೋದು ಸರ್ಕಾರಿ ಬಸ್ಸಿನಲ್ಲಿ. ರೂಟ್ ಖಾಸಗಿಯವರ ಪಾಲಾದರೆ ದಿನಾ ಕೂಲಿಗೆ ಬರೋ ನಮ್ಮ ಅಕ್ಕ-ತಂಗಿಯರ ಟಿಕೆಟ್ ದುಡ್ಡು ಯಾರು ಕೊಡ್ತಾರೆ? ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ವಲ್ಲ.