ಏಜೆಂಟಿಗೆ ಕೈಪಿಡಿ, ನಮಗೆ ಜೆರಾಕ್ಸ್

ನಮ್ಮ ಕಲಬುರಗಿಯಲ್ಲಿ ಏಜೆಂಟ್ ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಕಚೇರಿ ಎದುರು ಬೇವಿನ ಗಿಡದ ನೆರಳಲ್ಲಿ ಬೈಕ್ ಮೇಲೆ ಕೂತು, ಬಗಲಲ್ಲಿ ಫೈಲು ಹಿಡಿದವನೇ ಏಜೆಂಟ್. ಹಾಗಾಗಿ ನಾನು ಏಜೆಂಟರಿಗೆ ಕೈಪಿಡಿ ಬರೆಯುತ್ತಿದ್ದೇನೆ ಅಂದಾಗ ಅವ್ವ ನಕ್ಕಳು. "ಅವರಿಗೆ ನೀ ಏನ್ ಕಲಸ್ತಿಯೋ? ಊರಿಗೆಲ್ಲ ಅವರೇ ಕಲಸ್ತಾರ."

ಇದು ಆ ಏಜೆಂಟ್ ಅಲ್ಲ, ಎಐ ಏಜೆಂಟ್. ಕೆಲಸ ಹೇಳಿದರೆ ತಾನೇ ಹಂತ ಹಂತವಾಗಿ ಮಾಡುವ ಸಾಫ್ಟ್‌ವೇರ್. ಇಂಥವು ಹತ್ತಿಪ್ಪತ್ತು ಒಟ್ಟಿಗೆ ದುಡಿಯುವಾಗ ಯಾರ ಕೈಯಲ್ಲಿ ಏನಿದೆ ಅಂತ ಲೆಕ್ಕ ಇಡಲು ಇನ್ನೊಂದು ಸಾಫ್ಟ್‌ವೇರ್ ಬೇಕು. ಅದನ್ನು ನಮ್ಮ ಕಂಪನಿ ಮಾಡುತ್ತದೆ, ತೊಗರಿಬೇಳೆ ಅಂಗಡಿಯ ಮೇಲಿನ ಮಹಡಿಯಲ್ಲಿ.

2001ರಲ್ಲಿ ಅಮೆರಿಕದ ಯೂಟಾದಲ್ಲಿ, ಹಿಮದ ಗುಡ್ಡದ ಮೇಲೆ ಸಾಫ್ಟ್‌ವೇರ್ ಮಾಡುವ 17 ಜನ ಸೇರಿ, ಉದ್ದುದ್ದ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ ಅಂತ ಬರೆದಿಟ್ಟರು. ದಾಖಲೆಯೇ ಬೇಡ ಅಂತ ಅವರೇನೂ ಹೇಳಿರಲಿಲ್ಲ. ಆದರೂ ಈ ಧಂದೆಯಲ್ಲಿ ಎಲ್ಲರಿಗೂ ಒಳ್ಳೆ ನೆಪ ಸಿಕ್ಕಿತು. ನಾನು ಕೆಲಸಕ್ಕೆ ಸೇರಿದ ದಿನ ನನಗೆ ಕೊಟ್ಟ ಕೈಪಿಡಿ ಒಂದೇ ಮಾತು: "ಬಾಜೂಕ ಕೂತು ನೋಡು, ತಿಳೀತದ." ಈಗ ಮಷೀನಿಗೆ 43 ಪುಟ. ಅದು ಬಾಜೂಕ ಕೂತು ನೋಡಲ್ಲ, ಅಲ್ವಾ?

ಮೊದಲ ತೊಂದರೆ, ಒಂದೇ ಕೆಲಸವನ್ನು ಎರಡು ಏಜೆಂಟುಗಳು ಎತ್ತಿಕೊಳ್ಳುತ್ತಿದ್ದವು. ಇದಕ್ಕೆ ಪರಿಹಾರ ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಇತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆಯುತ್ತಾರಲ್ಲ, ಅದೇ. ಕೆಲಸ ಹಿಡಿಯುವ ಮುಂಚೆ ಟವೆಲ್ ಹಾಕು. ಟವೆಲ್ ಇದ್ದಲ್ಲಿ ಕೂರಬೇಡ. ಟವೆಲ್ ಹಾಕಿದವನು 15 ನಿಮಿಷ ಪತ್ತೆ ಇಲ್ಲದಿದ್ದರೆ ಸೀಟು ಖಾಲಿ ಅಂತ ತಿಳಿ. ಕೊನೆಯ ನಿಯಮ ಬಸ್ಸಿನಲ್ಲಿ ಹೇಳಿ ನೋಡಿ, ಹೊಡೆದಾಟವೇ ಆಗುತ್ತದೆ. ಏಜೆಂಟ್ ತಕರಾರಿಲ್ಲದೆ ಒಪ್ಪಿತು.

ಆಮೇಲೆ 'ಮುಗಿದಿದೆ' ಅನ್ನುವ ಪದದ ಗಲಾಟೆ. ಕೆಲಸ ಅರ್ಧಕ್ಕೆ ನಿಂತಿದ್ದರೂ ಏಜೆಂಟ್ 'ಮುಗಿದಿದೆ' ಅಂತ ಗುರುತು ಹಾಕಿ, ಮೇಲೊಂದು ಖುಷಿಯ ವರದಿ ಬರೆಯುತ್ತಿತ್ತು. ಇದನ್ನು ಯಾರಿಂದ ಕಲಿಯಿತೋ! ಅದಕ್ಕೇ ದಪ್ಪಕ್ಷರದಲ್ಲಿ ಬರೆದೆ: "ಮುಗಿಯದ ಕೆಲಸವನ್ನು ಮುಗಿದಿದೆ ಎನ್ನಬೇಡ. ನಿಂತಿದ್ದರೆ, ಯಾರಿಗಾಗಿ ನಿಂತಿದೆ ಎಂದು ಹೆಸರು ಬರೆ. ಏನೇನು ಬೇಕೋ ಎಲ್ಲವನ್ನೂ ಒಂದೇ ಸಲಕ್ಕೆ ಕೇಳು."

ಈ ಕೊನೆಯ ಸಾಲು ಬರೆದ ದಿನವೇ ನಾನು ಮಧ್ಯಾಹ್ನ ರಜೆ ಹಾಕಿ ಒಂದು ಕಚೇರಿಗೆ ಹೋಗಿದ್ದೆ. ಅಕ್ಕನ ಮಗನಿಗೆ 371ಜೆ ಪ್ರಮಾಣಪತ್ರ ಬೇಕಿತ್ತು. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಸಿಕ್ಕ ಮೀಸಲಾತಿ, ಕಾಲೇಜ್ ಸೀಟಿಗೆ ಅದೇ ಆಧಾರ. ಇದು ನಾಲ್ಕನೇ ಸಲ. ಪ್ರತಿ ಸಲ ಹೊಸದೊಂದು ಕಾಗದ ಕೇಳಿದ್ದರು. ಈ ಸಲ ಕೌಂಟರಿನವರು ಕಾಗದ ತಿರುವಿ ತಿರುವಿ ನೋಡಿದರು.

"ಇದರಾಗ ಗುಲ್ಬರ್ಗಾ ಅಂತ ಅದ. ಅರ್ಜಿಯೊಳಗ ಕಲಬುರಗಿ ಅಂತ ಅದ."

"ಎರಡೂ ಒಂದೇ ಅಲ್ರೀ ಸರ್. 2014ರ ನವೆಂಬರ್ 1ಕ್ಕೆ ಹೆಸರು ಬದಲಾತಲ್ಲ."

"ನನಗ ಗೊತ್ತದ ರೀ. ಫೈಲಿಗಿ ಗೊತ್ತಾಗಬೇಕಲ್ಲ? ಅಫಿಡವಿಟ್ ತರ್ರಿ."

ಹಿಂದಿನ ವಾರವಷ್ಟೇ ಏಜೆಂಟಿಗೆ ಒಂದು ಸಾಲು ಬರೆದಿದ್ದೆ: ಗುಲ್ಬರ್ಗಾ ಮತ್ತು ಕಲಬುರಗಿ ಒಂದೇ ಊರು. ಅದು ಅಫಿಡವಿಟ್ ಕೇಳಲಿಲ್ಲ. ಪ್ರತಿ ಸಲ ಹೊಸದಾಗಿ ಶುರುವಾದಾಗ ಹಿಂದಿನದೆಲ್ಲ ಮರೆಯುವ ಪ್ರಾಣಿ ಅದು. ಆದರೂ ಮೊದಲು ಕೂತು ನಾವು ಬರೆದಿಟ್ಟ ಚೀಟಿ ಓದುತ್ತದೆ. ಮಷೀನುಗಳು ಮೊದಲು ಓದಬೇಕಾದ ಕಡತಕ್ಕೆ 'ಏಜೆಂಟ್ಸ್ ಡಾಟ್ ಎಂಡಿ' ಅಂತ ಹೆಸರೂ ಬಂದಿದೆ. ಮನುಷ್ಯರು ಮೊದಲು ಓದಬೇಕಾದ ಬೋರ್ಡು ಎಲ್ಲಿದೆ ಅಂತ ಕಚೇರಿ ಗೋಡೆಯೆಲ್ಲ ಹುಡುಕಿದೆ. "ಇಲ್ಲಿ ಉಗುಳಬಾರದು" ಅಂತಷ್ಟೇ ಇತ್ತು. ಅದರ ಮೇಲೂ ಯಾರೋ ಉಗುಳಿದ್ದರು.

ಅಫಿಡವಿಟ್ ಮಾಡಿಸಲು ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಹೋದೆ. ಮಷೀನಿನ ಹಿಂದೆ, ಗೋಡೆಗೆ ಅಂಟಿಸಿದ ರಟ್ಟಿನ ಮೇಲೆ ಎಲ್ಲವೂ ಇತ್ತು! 371ಜೆಗೆ ಏನೇನು, ಆದಾಯಕ್ಕೆ ಏನೇನು, ಎಷ್ಟು ಪ್ರತಿ, ಯಾವ ಕೌಂಟರು, ಊಟಕ್ಕೆ ಯಾವಾಗ ಏಳುತ್ತಾರೆ. ನೀಲಿ ಪೆನ್ನಿನಲ್ಲಿ ಬರೆದದ್ದು, ಕೆಂಪು ಪೆನ್ನಿನಲ್ಲಿ ತಿದ್ದಿದ್ದು. 'ಗುಲ್ಬರ್ಗಾ ಇದ್ದರೆ ಅಫಿಡವಿಟ್' ಅಂತಲೂ ಇತ್ತು. ನನ್ನ 43 ಪುಟಕ್ಕೆ ನಾಚಿಕೆಯಾಯಿತು. ಫೋಟೋ ತೆಗೆಯಲು ಮೊಬೈಲ್ ಎತ್ತಿದೆ.

ಹುಡುಗ ತಲೆ ಎತ್ತದೆ ಹೇಳಿದ: "ಅಣ್ಣಾ, ಅದು ಹೋದ ವಾರದ್ದು ಅದ. ಹೊಸದು ಬರೀಲಿಕ್ಕ ಟೈಮ್ ಸಿಕ್ಕಿಲ್ಲ. ನಿಲ್ರಿ, ಇನ್ನೂ ಎರಡು ಕಾಗದ ಬೇಕಾಗ್ತಾವ."