ನಾಲಗೆಗೆ ಟೋಪಿ

ನಮ್ಮ ಡೊಂಬಿವಲಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದ ದಿನ ಗಿಡಕ್ಕೆ ನೀರು ಹಾಕಬೇಕಾದರೆ ಬಗ್ಗಿಕೊಂಡೇ ಹೋಗಬೇಕು. ಅಷ್ಟರಲ್ಲೇ ತುಳಸಿ, ಕರಿಬೇವು, ದೊಡ್ಡಪತ್ರೆ. ಜೊತೆಗೆ ನಾಲ್ಕು ವರ್ಷದಿಂದ ಒಂದು ಮೊಂಡು ಗಿಡ, ಮಿರಾಕಲ್ ಫ್ರೂಟ್. ತವರು ಪಶ್ಚಿಮ ಆಫ್ರಿಕಾ. ತಂದಾಗ ಒಂದು ಗೇಣಿತ್ತು, ಈಗ ಮೂರು. ಬೆಳೆಯುವ ಆತುರವೇ ಇಲ್ಲ. ಮೊದಲ ವರ್ಷ ಎಲೆಯ ಅಂಚೆಲ್ಲ ಸುಟ್ಟಂತಾಗಿತ್ತು. ಸುಣ್ಣದ ಅಂಶವಿರುವ ಮಣ್ಣು ಇದಕ್ಕೆ ಆಗೋದಿಲ್ಲವಂತೆ, ಹುಳಿ ಮಣ್ಣೇ ಬೇಕು. ಕೋಕೋಪೀಟ್ ಹಾಕಿ ಕುಂಡ ಬದಲಿಸಿದ ಮೇಲೆ ಚೇತರಿಸಿಕೊಂಡಿತು.

ಈ ಸಲ ಏಳು ಹಣ್ಣು ಬಿಟ್ಟಿತು. ನೋಡಲು ಥೇಟ್ ಕಾಫಿ ಹಣ್ಣು, ಸ್ವಲ್ಪ ಉದ್ದಕ್ಕೆ. ಒಳಗೆಲ್ಲ ಬೀಜವೇ, ಸುತ್ತ ಬೆಳ್ಳಗೆ ತೆಳುವಾದ ತಿರುಳು. ಅದಕ್ಕೆ ಹೇಳಿಕೊಳ್ಳುವಂಥ ರುಚಿಯೇನೂ ಇಲ್ಲ. ಆದರೆ ಒಂದು ನಿಮಿಷ ನಾಲಗೆಗೆಲ್ಲ ಸವರಿಕೊಂಡು ಆಮೇಲೆ ನಿಂಬೆಹಣ್ಣು ಕಚ್ಚಿ ನೋಡಿ. ಕಿತ್ತಳೆಯ ಹಾಗೆ ಸಿಹಿ! ಮಿರಾಕುಲಿನ್ ಎನ್ನುವ ಪ್ರೋಟೀನಿನ ಕೆಲಸ ಇದು. ಅದನ್ನು ಹಣ್ಣಿನಿಂದ ಬೇರ್ಪಡಿಸಿದ್ದು 1968ರಲ್ಲಿ. ಸಿಹಿ ಗುರುತಿಸುವ ಜಾಗಕ್ಕೇ ಹೋಗಿ ಅಂಟಿಕೊಂಡು ಸುಮ್ನೆ ಕೂತಿರುತ್ತದೆ. ಹುಳಿ ತಾಗಿದ ಕೂಡಲೇ ಎಚ್ಚರಗೊಂಡು 'ಸಿಹಿ, ಸಿಹಿ' ಎಂದು ಸುಳ್ಳು ಸುದ್ದಿ ಮುಟ್ಟಿಸುತ್ತದೆ. ಇದರ ತವರಿನ ಜನ ಹುಳಿ ಬಂದ ಮೆಕ್ಕೆಜೋಳದ ರೊಟ್ಟಿ, ಕಳ್ಳಿನ ಮೊದಲು ಇದನ್ನು ಜಗಿಯುತ್ತಿದ್ದರಂತೆ. ಜಾಣರು.

ಪುತ್ತೂರಿನಿಂದ ಬಂದಿದ್ದ ಅಮ್ಮನಿಗೂ ಒಂದು ಕೊಟ್ಟೆ. ನಿಂಬೆ ಹೋಳಿಗೆ ಮಗುವಿನ ಹಾಗೆ ನಕ್ಕರು. ಪುನರ್ಪುಳಿ ಸಿಪ್ಪೆಯನ್ನು ಕಲ್ಲುಸಕ್ಕರೆಯಂತೆ ಚೀಪಿದರು. ಬೀಜ ಒಣಗಿದರೆ ಹುಟ್ಟೋದಿಲ್ಲ ಎಂದದ್ದೇ ತಡ, ಬಾಯಿಂದ ತೆಗೆದು ತೊಳೆದು ಹಾಲಿನ ಖಾಲಿ ಕವರಿನಲ್ಲಿ ಮಣ್ಣು ತುಂಬಿ ಊರಿಯೂ ಬಿಟ್ಟರು.

ತಪ್ಪಾದದ್ದು ಊಟಕ್ಕೆ ಕೂತಾಗ. ಸಾರು ಸಿಹಿ. ಮಜ್ಜಿಗೆಯೂ ಸಿಹಿ. ಊರಿಂದ ಭರಣಿ ಹೊತ್ತು ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಕಚ್ಚಿದವರು ನನ್ನನ್ನೇ ದುರುಗುಟ್ಟಿ ನೋಡಿದರು. "ಇದೆಂಥದು ಮಾರಾಯ, ಮಿಡಿಗೆ ಬೆಲ್ಲ ಹಾಕಿದ ಹಾಗೆ! ಹುಳಿ ಹೋದ ಮೇಲೆ ಉಪ್ಪಿನಕಾಯಿಯಲ್ಲಿ ಉಂಟಾದರೂ ಏನು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ, ಸರಿಹೋಗುತ್ತದೆ ಎಂದೆ. ಅಮ್ಮ ತಟ್ಟೆ ಸರಿಸಿ ಗಡಿಯಾರದ ಎದುರು ಕೂತರು. ಹತ್ತು ಹತ್ತು ನಿಮಿಷಕ್ಕೊಮ್ಮೆ ಮಿಡಿಯ ಚೂರು ಬಾಯಿಗಿಟ್ಟು ತಲೆಯಾಡಿಸುವುದು, ಮತ್ತೆ ಕಾಯುವುದು. ಕೊನೆಗೊಮ್ಮೆ ಕಣ್ಣು ಕಿರಿದಾಯಿತು, ಮುಖ ಹಿಂಡಿತು, ಹಲ್ಲು ಚುಳ್ಳೆಂದಿತು.

"ಹ್ಞಾಂ, ಬಂತು. ಅನ್ನ ಹಾಕು."